ಲ್ಯಾಬಿನ ಸಾಮಾನಿಗೆ ಹಣ ಕೊಟ್ಟಿರಿ, ಕಲಿಸುವವರಿಗೂ ಕೊಡಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಮಾನ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಸಚಿವರಿಗೆ, ಹಾಗೂ ಕರ್ನಾಟಕದಲ್ಲಿ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಎಲ್ಲಿಗೆ ಹೋಗಬೇಕು ಎಂದು ತೀರ್ಮಾನಿಸುವ ಕಂಪನಿಗಳ ಹಿರಿಯರಿಗೆ,

ನಮಸ್ಕಾರ.

ನಾನು ಸಂಚಾರಿ ವಿಜ್ಞಾನ ಪ್ರಯೋಗಾಲಯದಲ್ಲಿ ಬೋಧಕನಾಗಿ ಕೆಲಸ ಮಾಡಿದವನು. ವ್ಯಾನಿನಲ್ಲಿ ಪ್ರಯೋಗದ ಸಾಮಾನು ಹಾಕಿಕೊಂಡು ಪಾವಗಡ, ಮಧುಗಿರಿ ಸುತ್ತಮುತ್ತಲ ಸರ್ಕಾರಿ ಶಾಲೆಗಳಿಗೆ ಹೋಗುತ್ತಿದ್ದೆವು. 6ನೇ ತರಗತಿಯಿಂದ 10ನೇ ತರಗತಿಯವರೆಗಿನ ಮಕ್ಕಳ ಜೊತೆ ಕೂತು ಪ್ರಯೋಗ ಮಾಡಿಸುತ್ತಿದ್ದೆವು. ಒಂದು ಕಂಪನಿಯ ಸಿಎಸ್‌ಆರ್ ಹಣದಲ್ಲಿ ಅದು ನಡೆಯುತ್ತಿತ್ತು. ಒಂದು ಮಾರ್ಚ್ ತಿಂಗಳಲ್ಲಿ ಹಣ ನಿಂತಿತು, ವ್ಯಾನೂ ನಿಂತಿತು. ಆ ಕಂಪನಿಯನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಅವರು ಕೊಟ್ಟಷ್ಟು ದಿನ ಮಕ್ಕಳಿಗೆ ಒಳ್ಳೆಯದೇ ಆಯಿತು. ಆದರೆ ಹಣ ಕೊಡುವ ರೀತಿಯಲ್ಲೇ ಏನೋ ತಪ್ಪಿದೆ ಎಂದು ನನಗೆ ಅನ್ನಿಸಿದೆ, ಅದನ್ನು ನಿಮ್ಮ ಮುಂದೆ ಇಡಲೇಬೇಕು.

ಮಕ್ಕಳಿಗೆ ಕೈಯಾರೆ ವಿಜ್ಞಾನ ಕಲಿಸಲು ನಮ್ಮಲ್ಲಿ ಹಣವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಹಣ ಬರುತ್ತಿದೆ. ಆದರೆ ಅದು ಸಾಮಾನಿಗೆ ಬರುತ್ತದೆ, ಉದ್ಘಾಟನೆಗೆ ಬರುತ್ತದೆ, ಒಂದು ದಿನದ ವಿಜ್ಞಾನ ಮೇಳಕ್ಕೆ ಬರುತ್ತದೆ. ಆ ಸಾಮಾನನ್ನು ಮಕ್ಕಳ ಕೈಗೆ ಕೊಟ್ಟು ಪಕ್ಕದಲ್ಲಿ ಕೂರುವವರಿಗೆ ಬರುವುದಿಲ್ಲ. ಖಾಲಿಯಾದ ಶೆಲ್, ತುಂಡಾದ ವೈರ್, ಮುಗಿದುಹೋದ ರಾಸಾಯನಿಕ ಮತ್ತೆ ತರುವುದಕ್ಕೂ ಬರುವುದಿಲ್ಲ. ನನ್ನ ತಕರಾರು ಇದೇ.

ಮಕ್ಕಳು ತಾವೇ ಸಾಮಾನು ಜೋಡಿಸಿ, ಮಾಡಿ ಕಲಿಯಲೆಂದು ಶಾಲೆಯಲ್ಲಿ ಮಾಡುವ ಅಟಲ್ ಟಿಂಕರಿಂಗ್ ಲ್ಯಾಬ್ ನಿಮಗೆಲ್ಲ ಗೊತ್ತು. ಕೇಂದ್ರ ಸರ್ಕಾರ 2016ರಲ್ಲಿ ಶುರು ಮಾಡಿದ ಈ ಯೋಜನೆಯಲ್ಲಿ ಒಂದು ಶಾಲೆಗೆ ಒಟ್ಟು 20 ಲಕ್ಷ ರೂಪಾಯಿ. ಅದರಲ್ಲಿ 10 ಲಕ್ಷ ಲ್ಯಾಬ್ ಕಟ್ಟಿಕೊಳ್ಳಲು, ಉಳಿದ 10 ಲಕ್ಷ ಹೆಚ್ಚೆಂದರೆ ಐದು ವರ್ಷ ನಡೆಸಲು. ತ್ರಿಡಿ ಪ್ರಿಂಟರ್, ಆರ್ಡುಯಿನೊ ಬೋರ್ಡು (ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು), ಸೆನ್ಸಾರ್, ರೊಬೊಟಿಕ್ಸ್ ಕಿಟ್ ಎಲ್ಲ ಬರುತ್ತವೆ. ದೇಶದಲ್ಲಿ ಇಂಥ ಸುಮಾರು 10,000 ಲ್ಯಾಬ್ ಆಗಿವೆ. 2025ರ ಕೇಂದ್ರ ಬಜೆಟ್‌ನಲ್ಲಿ, ಮುಂದಿನ ಐದು ವರ್ಷದಲ್ಲಿ ಸರ್ಕಾರಿ ಶಾಲೆಗಳಲ್ಲೇ ಇನ್ನೂ 50,000 ಲ್ಯಾಬ್ ಮಾಡುತ್ತೇವೆ ಎಂದು ಘೋಷಿಸಿದ್ದಾರೆ. ಒಳ್ಳೆಯ ಸುದ್ದಿ. ಮನಸಾರೆ ಸ್ವಾಗತಿಸುತ್ತೇನೆ. ಆದರೆ ಈ ಲ್ಯಾಬ್ ನೋಡಿಕೊಳ್ಳಲು ಶಾಲೆಗೆ ಬೇರೆ ಕಾಯಂ ಹುದ್ದೆ ಅಂತ ಬರುವುದಿಲ್ಲ. ಇರುವ ವಿಜ್ಞಾನದ ಮೇಷ್ಟ್ರೇ ಉಸ್ತುವಾರಿ ವಹಿಸಬೇಕು. ಅವರಿಗೆ ಈಗಾಗಲೇ ವಾರಪೂರ್ತಿ ತರಗತಿ, ಎಸ್‌ಎಸ್‌ಎಲ್‌ಸಿ ಫಲಿತಾಂಶದ ಒತ್ತಡ, ಮೇಲಿಂದ ಬರುವ ಆನ್‌ಲೈನ್ ಮಾಹಿತಿ ತುಂಬುವ ಕೆಲಸ, ನಡುವೆ ಚುನಾವಣೆ, ಗಣತಿ. ಇಷ್ಟರ ಮೇಲೆ ಅವರು ಯಾವಾಗ ಆರ್ಡುಯಿನೊ ಕಲಿತು ಮಕ್ಕಳಿಗೆ ಕಲಿಸಬೇಕು? ಐದು ವರ್ಷ ಮುಗಿದ ಮೇಲೆ ಆ ಲ್ಯಾಬ್‌ಗೆ ಶೆಲ್ ಯಾರು ತಂದುಕೊಡುತ್ತಾರೆ?

ನಾನು ನೋಡಿದ ಒಂದು ಪ್ರೌಢಶಾಲೆಯಲ್ಲಿ ಲ್ಯಾಬ್ ಬಹಳ ಚೆನ್ನಾಗಿತ್ತು. ಗೋಡೆ ತುಂಬ ಬಣ್ಣ, ಬೀರು ತುಂಬ ಕಿಟ್. ಅರ್ಧಕ್ಕರ್ಧ ಕಿಟ್‌ಗಳ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿರಲಿಲ್ಲ. ಯಾಕೆ ಸಾರ್ ಅಂತ ಹೆಡ್‌ಮಾಸ್ಟರನ್ನು ಕೇಳಿದೆ. ಅವರು ಸ್ಟಾಕ್ ಬುಕ್ ತೆಗೆದು ಮುಂದಿಟ್ಟರು. ಪ್ರತಿಯೊಂದು ಸಾಮಾನೂ ಅದರಲ್ಲಿ ಬರೆದಿದೆ. ಒಡೆದರೆ, ಕಳೆದರೆ, ಆಡಿಟ್‌ನಲ್ಲಿ ಉತ್ತರ ಹೇಳಬೇಕಾದವರು ಅವರೇ. ವರ್ಗಾವಣೆ ಆಗುವಾಗ ಎಲ್ಲ ಲೆಕ್ಕ ಒಪ್ಪಿಸಿ ಹೋಗಬೇಕು. ಹೀಗಿರುವಾಗ ಬೀರಿಗೆ ಬೀಗ ಹಾಕುವುದೇ ಅವರಿಗೆ ಕ್ಷೇಮ. ಅವರನ್ನು ನಾನು ತಪ್ಪು ಅನ್ನಲಾರೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೇ ಮಾಡುತ್ತಿದ್ದರು. ಮಕ್ಕಳು ಮುಟ್ಟಿದರೆ ಸಾಮಾನು ಒಡೆಯುತ್ತದೆ, ಮುಟ್ಟದಿದ್ದರೆ ಕಲಿಯುವುದಿಲ್ಲ. ಒಡೆಯುವುದನ್ನು ಖರ್ಚು ಎಂದು ಮೊದಲೇ ಒಪ್ಪಿಕೊಳ್ಳದ ಯಾವ ಲ್ಯಾಬೂ ಮಕ್ಕಳಿಗೆ ಸಿಗುವುದಿಲ್ಲ. ಇದಕ್ಕೆ ದೊಡ್ಡ ಹಣ ಬೇಕಿಲ್ಲ, ಇಲಾಖೆಯಿಂದ ಒಂದು ಸುತ್ತೋಲೆ ಸಾಕು.

ಪಕ್ಕದಲ್ಲಿ ಕೂರುವವರು ಬೇಕು ಅಂತ ಒತ್ತಿ ಒತ್ತಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಒಂದು ಸರಳ ಮೋಟಾರ್ ಪ್ರಯೋಗ ನೋಡಿ. ಒಂದು ಶೆಲ್, ಒಂದು ಅಯಸ್ಕಾಂತ, ಎನಾಮಲ್ ಲೇಪ ಇರುವ ತಾಮ್ರದ ತಂತಿಯ ಸುರುಳಿ, ಎರಡು ಸೇಫ್ಟಿ ಪಿನ್. ಇಷ್ಟರಲ್ಲೇ ತಿರುಗುವ ಮೋಟಾರ್ ಆಗುತ್ತದೆ. ಆದರೆ ಮಕ್ಕಳು ಮೊದಲ ಸಲ ಮಾಡಿದಾಗ ಬಹುತೇಕ ಯಾವುದೂ ತಿರುಗುವುದಿಲ್ಲ. ಕೆಲವರು ಲೇಪ ಕೆರೆದೇ ಇರುವುದಿಲ್ಲ, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಕೆಲವರು ಎರಡೂ ತುದಿಯನ್ನು ಸುತ್ತಲೂ ಪೂರ್ತಿ ಕೆರೆದಿರುತ್ತಾರೆ, ಅದು ಅಲ್ಲೇ ಓಲಾಡಿ ನಿಲ್ಲುತ್ತದೆ. ಒಂದು ತುದಿಯಲ್ಲಿ ಅರ್ಧ ಸುತ್ತು ಮಾತ್ರ ಕೆರೆದು, ಇನ್ನರ್ಧ ಲೇಪ ಹಾಗೇ ಬಿಟ್ಟರೆ ಮೋಟಾರ್ ತಿರುಗುತ್ತದೆ. ಯಾಕೆಂದರೆ ಸುರುಳಿ ಅರ್ಧ ಸುತ್ತು ತಿರುಗಿದಾಗ ಬಲದ ದಿಕ್ಕು ಉಲ್ಟಾ ಆಗುತ್ತದೆ, ಆ ಹೊತ್ತಿಗೆ ಕರೆಂಟ್ ಕಡಿದುಹೋಗಬೇಕು. ಪಾಠಪುಸ್ತಕದಲ್ಲಿ ಕಾಮ್ಯುಟೇಟರ್ (ಅರ್ಧ ಸುತ್ತಿಗೊಮ್ಮೆ ಕರೆಂಟಿನ ದಿಕ್ಕು ಬದಲಿಸುವ ಮೋಟಾರಿನ ಭಾಗ) ಎಂದು ಓದಿ ಅಂಕ ತೆಗೆದ ಮಕ್ಕಳಿಗೂ ಅದು ಯಾಕಿದೆ ಎಂದು ಗೊತ್ತಾಗುವುದು ಇಲ್ಲೇ. ಆದರೆ ನಿಂತುಹೋದ ಮೋಟಾರನ್ನು ನೋಡಿ "ಎಲ್ಲಿ ಕೆರೆದಿದ್ದೀಯ ನೋಡೋಣ, ಕೈಯಲ್ಲಿ ಮೆಲ್ಲಗೆ ತಿರುಗಿಸು, ಈಗ ಕರೆಂಟ್ ಹೋಗ್ತಿದೆಯಾ?" ಎಂದು ಕೇಳುವವರು ಪಕ್ಕದಲ್ಲಿ ಬೇಕಲ್ವಾ? ಉತ್ತರ ಹೇಳದೆ ಕಾಯುವ ತಾಳ್ಮೆ ಅವರಿಗಿರಬೇಕು. ಇದಕ್ಕೆ ಒಂದು ಪೀರಿಯಡ್ ಸಾಲುವುದಿಲ್ಲ. ಮುಂದಿನ ವಾರ ಮತ್ತೆ ಅದೇ ಮಕ್ಕಳ ಹತ್ತಿರ ಹೋಗಬೇಕು. ಒಂದು ದಿನದ ಮೇಳದಲ್ಲಿ ನಾವು ಮಾಡಿಕೊಂಡು ಹೋದ ಮೋಟಾರ್ ತೋರಿಸಬಹುದು, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅಷ್ಟೇ.

ಇನ್ನೊಂದು ಮಾತು ಹೇಳಬೇಕು. ಮೂವತ್ತು ಮಕ್ಕಳಿಗೆ ಒಂದು ಕಿಟ್ ಕೊಟ್ಟರೆ ಸ್ಕ್ರೂ ಡ್ರೈವರ್ ಹುಡುಗರ ಕೈಯಲ್ಲಿರುತ್ತದೆ, ಹುಡುಗಿಯರು ನೋಟ್ಸ್ ಬರೆದುಕೊಳ್ಳುತ್ತಾ ಹಿಂದೆ ನಿಂತಿರುತ್ತಾರೆ. ಇದನ್ನು ನಾನು ಶಾಲೆ ಶಾಲೆಯಲ್ಲೂ ನೋಡಿದ್ದೇನೆ. ಮೂರು ನಾಲ್ಕು ಮಕ್ಕಳಿಗೆ ಒಂದು ಕಿಟ್ ಕೊಟ್ಟು, ಹುಡುಗಿಯರದೇ ಒಂದೆರಡು ಗುಂಪು ಮಾಡಿದರೆ ಅದೇ ಹುಡುಗಿಯರು ಮಲ್ಟಿಮೀಟರ್ ಕೆಳಗಿಡುವುದೇ ಇಲ್ಲ. ದುಬಾರಿಯ ಒಂದು ರೊಬೊಟಿಕ್ಸ್ ಕಿಟ್ ಬದಲು ಅಗ್ಗದ ಇಪ್ಪತ್ತು ಸೆಟ್ ಕೊಡಿ ಎಂದು ನಾವು ಕೇಳುವುದು ಇದಕ್ಕೇ. ಆದರೆ ಅಗ್ಗದ ಸೆಟ್ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಹಾಗಾಗಿ ಪ್ರಸ್ತಾವದಲ್ಲೇ ಬಿದ್ದುಹೋಗುತ್ತದೆ.

ಈಗ ನೀರಿನ ವಿಷಯ. ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸಂಗತಿ ಅಲ್ಲ. ಹಲ್ಲಿನ ಮೇಲೆ ಕಲೆ ಇರುವ ಮಕ್ಕಳನ್ನು ಅಲ್ಲಿನ ಯಾವ ಮೇಷ್ಟ್ರೂ ತೋರಿಸಬಲ್ಲರು. ನಾವು ಒಮ್ಮೆ ಮಕ್ಕಳಿಗೆ ತಮ್ಮ ಮನೆಯ ನೀರು ಬಾಟಲಿಯಲ್ಲಿ ತರಲು ಹೇಳಿದೆವು. ಟಿಡಿಎಸ್ ಮೀಟರ್‌ನಲ್ಲಿ ಅಳೆದೆವು. 8ನೇ ತರಗತಿಯ ಒಬ್ಬ ಹುಡುಗಿ ಕೇಳಿದಳು: "ಸಾರ್, ಇದ್ರಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಗೊತ್ತಾಗುತ್ತಾ?" ಗೊತ್ತಾಗುವುದಿಲ್ಲ. ಆ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದು ನೋಡಿ, ಕರಗಿರುವ ಒಟ್ಟು ಲವಣ ಎಷ್ಟಿರಬಹುದು ಎಂದು ಹೇಳುತ್ತದೆ. ಅದರಲ್ಲಿ ಯಾವ ಲವಣ ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಫ್ಲೋರೈಡ್‌ಗೆ ಬೇರೆ ಕಿಟ್ ಬೇಕು, ಅದರ ದ್ರಾವಣ ಹಾಕಿದರೆ ಫ್ಲೋರೈಡ್ ಜಾಸ್ತಿ ಇದ್ದಷ್ಟೂ ಗುಲಾಬಿ ಬಣ್ಣ ಹಳದಿ ಕಡೆಗೆ ತಿರುಗುತ್ತದೆ. ಆ ಕಿಟ್ ತಂದೆವು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಎನ್ನುವುದು ನಮ್ಮ ದೇಶದ ಮಾನದಂಡ. ಮಕ್ಕಳು ಓಣಿ ಓಣಿಯ ನೀರು ತಂದು ಅಳೆದು, ಊರಿನ ನಕ್ಷೆ ಬಿಡಿಸಿ, ಯಾವ ಬೋರ್‌ವೆಲ್ ಹೇಗಿದೆ ಎಂದು ಬಣ್ಣ ಹಚ್ಚಿದರು. ಊರಿನ ದೊಡ್ಡವರೂ ಬಂದು ನೋಡಿದರು. ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದು ಹೋಲಿಸಬೇಕು ಎಂದು ಮಕ್ಕಳೇ ಯೋಚನೆ ಮಾಡಿದ್ದರು. ನಿಜವಾದ ವಿಜ್ಞಾನ ಶುರುವಾಗಿದ್ದು ಆಗಲೇ. ಅಷ್ಟರಲ್ಲಿ ಕಿಟ್‌ನ ದ್ರಾವಣ ಮುಗಿದಿತ್ತು. ಮತ್ತೆ ತರಿಸಲು ಕೇಳಿದಾಗ ಬಂದ ಉತ್ತರ: ಆ ಖರ್ಚಿಗೆಂದು ಇಟ್ಟ ಹಣ ಈ ವರ್ಷ ಮುಗಿದಿದೆ, ಹೊಸ ಕಿಟ್ ಬೇಕಾದರೆ ಹೊಸ ಶಾಲೆಗೆ ಕೊಡಬಹುದು.

ಹೊಸ ಶಾಲೆ. ಈ ಪದ ಎಲ್ಲ ವರದಿಯಲ್ಲೂ ಇರುತ್ತದೆ. ಈ ವರ್ಷ ಎಷ್ಟು ಶಾಲೆ ಮುಟ್ಟಿದಿರಿ, ಎಷ್ಟು ಮಕ್ಕಳನ್ನು ಮುಟ್ಟಿದಿರಿ? ಒಂದೇ ಶಾಲೆಗೆ ಹತ್ತು ಸಲ ಹೋದರೆ ಲೆಕ್ಕದಲ್ಲಿ ಅದು ಒಂದೇ. ಹತ್ತು ಶಾಲೆಗೆ ಒಂದೊಂದು ಸಲ ಹೋಗಿ ಬಂದರೆ ಹತ್ತು. ಹಣ ಕೊಡುವವರು ಈ ಲೆಕ್ಕ ಕೇಳುವುದನ್ನು ಬಿಡದಿದ್ದರೆ, ಕೆಲಸ ಮಾಡುವವರು ಎಷ್ಟೇ ಪ್ರಾಮಾಣಿಕರಾಗಿದ್ದರೂ ಕೊನೆಗೆ ತೋರಿಸಿ ಹೋಗುವ ಕೆಲಸವನ್ನೇ ಮಾಡುತ್ತಾರೆ.

ಕಂಪನಿಗಳ ಹಿರಿಯರಿಗೆ ನೇರವಾಗಿ ಒಂದು ಮಾತು. "ನಮ್ಮದು ವರ್ಷದ ಬಜೆಟ್, ಕಾನೂನೇ ಹಾಗಿದೆ, ಸಂಬಳಕ್ಕೆ ಕೊಡಲು ಆಗಲ್ಲ" ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿ, ಕಾನೂನು ಏನು ಹೇಳುತ್ತದೆ ಎಂದು ನಾನೇ ಓದಿದೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ, ಅದರ ವ್ಯಾಪ್ತಿಗೆ ಬರುವ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಕನಿಷ್ಠ ಶೇ. 2ರಷ್ಟನ್ನು ಇಂಥ ಕೆಲಸಕ್ಕೆ ಖರ್ಚು ಮಾಡಬೇಕು. ನಿಯಮಗಳಲ್ಲಿ ಮುಂದುವರಿಯುವ ಯೋಜನೆ ಎಂಬ ಅವಕಾಶ ಇದೆ. ಶುರು ಮಾಡಿದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ಒಂದು ಯೋಜನೆಯನ್ನು ನಡೆಸಬಹುದು. ಆ ವರ್ಷ ಖರ್ಚಾಗದೆ ಉಳಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಟ್ಟು ಅದೇ ಯೋಜನೆಗೆ ಬಳಸಬಹುದು. ಇನ್ನು ಆಡಳಿತ ವೆಚ್ಚಕ್ಕೆ ಶೇ. 5ರ ಮಿತಿ ಇರುವುದು ನಿಜ. ಆದರೆ ಆ ಮಿತಿ ಕಂಪನಿಯ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತದ ಖರ್ಚಿಗೆ. ಒಂದು ಯೋಜನೆಯನ್ನು ರೂಪಿಸಲು, ಜಾರಿ ಮಾಡಲು, ಅದರ ಮೇಲೆ ನಿಗಾ ಇಡಲು ನೇರವಾಗಿ ಆಗುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಶಾಲೆಗೆ ಹೋಗಿ ಮಕ್ಕಳಿಗೆ ಪ್ರಯೋಗ ಮಾಡಿಸುವ ಬೋಧಕಿಯ ಸಂಬಳ ಆಡಳಿತ ವೆಚ್ಚ ಹೇಗಾಗುತ್ತದೆ? ಅದೇ ಯೋಜನೆ. ದಯವಿಟ್ಟು ನಿಮ್ಮ ಲೆಕ್ಕಪತ್ರದವರನ್ನು ಇನ್ನೊಮ್ಮೆ ಕೇಳಿ ನೋಡಿ.

ಹಣ ಬರುವ ಕಾಲವೂ ನಮಗೆ ಹೊಂದುವುದಿಲ್ಲ. ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ನಮ್ಮ ಯೋಜನೆಗೆ ಒಪ್ಪಿಗೆ ಸಿಕ್ಕಿ ಹಣ ಕೈಗೆ ಬರುವಾಗ ದಸರಾ ರಜೆ ಹತ್ತಿರ ಬಂದಿರುತ್ತಿತ್ತು. ಡಿಸೆಂಬರ್ ಬಂದರೆ ಶಾಲೆಗಳಲ್ಲಿ ಪ್ರತಿಭಾ ಕಾರಂಜಿ, ವಾರ್ಷಿಕೋತ್ಸವ, ಪ್ರವಾಸ. ಫೆಬ್ರವರಿಯಿಂದ ಪರೀಕ್ಷೆಯ ತಯಾರಿ, 10ನೇ ತರಗತಿಯ ಮಕ್ಕಳನ್ನು ಕೇಳುವ ಹಾಗೇ ಇಲ್ಲ. ಆದರೆ ಮಾರ್ಚ್ 31ರೊಳಗೆ ಹಣ ಖರ್ಚಾಗಬೇಕು. ಆಗ ಏನಾಗುತ್ತದೆ? ಸಾಮಾನು ಕೊಳ್ಳುತ್ತಾರೆ. ಬೀರು ತುಂಬುವುದು ಹೀಗೇ.

ಮಧ್ಯಪ್ರದೇಶದಲ್ಲಿ ಇದನ್ನು ಬೇರೆ ರೀತಿ ಮಾಡಿ ತೋರಿಸಿದ್ದರು. 1972ರಲ್ಲಿ ಹೊಶಂಗಾಬಾದ್ ಜಿಲ್ಲೆಯ 16 ಸರ್ಕಾರಿ ಮಾಧ್ಯಮಿಕ ಶಾಲೆಗಳಲ್ಲಿ ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸುವ ಕಾರ್ಯಕ್ರಮ ಶುರುವಾಯಿತು. 1978ರಲ್ಲಿ ಇಡೀ ಜಿಲ್ಲೆಗೆ, ಆಮೇಲೆ ಬೇರೆ ಜಿಲ್ಲೆಗಳಿಗೂ ಹರಡಿತು. ಅಲ್ಲಿ ಶಾಲೆಗೆ ಕಿಟ್ ಕೊಟ್ಟು ಸುಮ್ನೆ ಬಿಡಲಿಲ್ಲ. ಖರ್ಚಾದ ಸಾಮಾನು ತುಂಬಿಕೊಡುವ ವ್ಯವಸ್ಥೆ ಇತ್ತು. ಮೇಷ್ಟ್ರುಗಳಿಗೆ ಬೇಸಿಗೆಯಲ್ಲಿ ತರಬೇತಿ, ವರ್ಷವಿಡೀ ತಿಂಗಳ ಸಭೆ, ಶಾಲೆಗೇ ಹೋಗಿ ನೆರವು ಕೊಡುವ ಗೆಳೆಯರು. ಪರೀಕ್ಷೆಯಲ್ಲೂ ಪ್ರಯೋಗ ಮಾಡಿ ತೋರಿಸಬೇಕಿತ್ತು, ಪುಸ್ತಕ ನೋಡಿ ಬರೆಯಬಹುದಿತ್ತು. ಸರ್ಕಾರಿ ಶಾಲೆಯಲ್ಲೇ, ಸರ್ಕಾರಿ ಮೇಷ್ಟ್ರುಗಳಿಂದಲೇ ಇದು ಮೂವತ್ತು ವರ್ಷ ನಡೆಯಿತು. 2002ರಲ್ಲಿ ಸರ್ಕಾರದ ಒಂದು ನಿರ್ಧಾರದಿಂದ ನಿಂತುಹೋಯಿತು. ಎರಡನ್ನೂ ನಾವು ಗಮನಿಸಬೇಕು ಅನ್ನಿಸುತ್ತದೆ: ಇಷ್ಟು ದೊಡ್ಡದಾಗಿ ಮಾಡಲು ಸಾಧ್ಯ ಎನ್ನುವುದು, ಮತ್ತೆ ಸರ್ಕಾರ ಕೈಬಿಟ್ಟರೆ ಎಷ್ಟು ಬೇಗ ನಿಲ್ಲುತ್ತದೆ ಎನ್ನುವುದು.

ನಮ್ಮಲ್ಲೂ ಬೇರು ಇಲ್ಲದೆ ಏನಿಲ್ಲ. ಡಾ. ಎಚ್. ನರಸಿಂಹಯ್ಯನವರು 1962ರಲ್ಲೇ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅದೇ ವರ್ಷ ಕಬ್ಬನ್ ಪಾರ್ಕ್ ಪಕ್ಕದಲ್ಲಿ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಕಟ್ಟಡದ ಉದ್ಘಾಟನೆ ಆಯಿತು. 1980ರಿಂದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದೆ, ಅದರ ಬಾಲ ವಿಜ್ಞಾನ ಪತ್ರಿಕೆ ಓದಿ ಬೆಳೆದವರು ನಮ್ಮಲ್ಲಿ ಎಷ್ಟೋ ಜನ. ನೆಹರೂ ತಾರಾಲಯ 1989ರಿಂದ ಇದೆ. ಕಲಬುರಗಿ, ಧಾರವಾಡ, ಮಂಗಳೂರಿನ ಪಿಲಿಕುಳದಲ್ಲಿ ವಿಜ್ಞಾನ ಕೇಂದ್ರಗಳಿವೆ. ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಬಾಗಿಲು ತೆರೆದರೆ ಬೆಂಗಳೂರಿನ ಮಕ್ಕಳು ಸಾಲುಗಟ್ಟಿ ಬರುತ್ತಾರೆ. ಯಾದಗಿರಿಯ ಮಗು ಹೇಗೆ ಬರಬೇಕು? ಸಿಎಸ್‌ಆರ್ ಕಾನೂನು ಕೂಡ ಕಂಪನಿ ಇರುವ ಸುತ್ತಮುತ್ತಲ ಜಾಗಕ್ಕೇ ಆದ್ಯತೆ ಕೊಡಿ ಎನ್ನುತ್ತದೆ. ಕಂಪನಿಗಳು ಬೆಂಗಳೂರಿನ ಸುತ್ತ ಜಾಸ್ತಿ ಇರುವಾಗ ಹಣವೂ ಅಲ್ಲೇ ಸುತ್ತುತ್ತದೆ. ಈ ಅಂತರ ತುಂಬುವುದು ಸರ್ಕಾರದ ಕೆಲಸವೇ. ಹಿಂದುಳಿದ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಕಲಂನ ಬಲದಲ್ಲಿ ನಿಂತಿರುವ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಏಳು ಜಿಲ್ಲೆಗಳ ಶಾಲೆಗಳಿಗೆ ಕಟ್ಟಡದ ಜೊತೆ ವಿಜ್ಞಾನ ಬೋಧಕರನ್ನೂ ಕೊಡಬಹುದಲ್ವಾ?

ಎಲ್ಲದಕ್ಕೂ ಹಣವೇ ಬೇಕು ಎಂದು ನಾನು ಅನ್ನುವುದಿಲ್ಲ. ನಮ್ಮ ಇಡೀ ರಾಜ್ಯ ಕರ್ಕಾಟಕ ವೃತ್ತದ ದಕ್ಷಿಣಕ್ಕಿದೆ, ಹಾಗಾಗಿ ಇಲ್ಲಿನ ಪ್ರತಿ ಊರಲ್ಲೂ ವರ್ಷಕ್ಕೆ ಎರಡು ದಿನ ಸೂರ್ಯ ನೆತ್ತಿಯ ಮೇಲೇ ಬಂದು ಕೋಲಿನ ನೆರಳು ಮಾಯವಾಗುತ್ತದೆ. ಮೊದಲನೆಯದು ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಹೋಗಿಬಿಡುತ್ತದೆ. ಎರಡನೆಯದು ಆಗಸ್ಟ್‌ನಲ್ಲಿ, ಬೀದರ್ ಕಡೆ ತಿಂಗಳ ಶುರುವಿನಲ್ಲಿ, ಬೆಂಗಳೂರಿನಲ್ಲಿ 18ರ ಹೊತ್ತಿಗೆ. ಮೋಡ ಕರುಣೆ ತೋರಬೇಕು, ಅಷ್ಟೇ. ಬೇರೆ ದಿನಗಳಲ್ಲೂ ಬಳ್ಳಾರಿಯ ಒಂದು ಶಾಲೆ, ಮೈಸೂರಿನ ಒಂದು ಶಾಲೆ ಒಂದೇ ದಿನ ಮಧ್ಯಾಹ್ನ ಒಂದು ಮೀಟರ್ ಕೋಲಿನ ಅತಿ ಚಿಕ್ಕ ನೆರಳನ್ನು ಅಳೆದರೆ ಸೂರ್ಯನ ಕೋನದಲ್ಲಿ ಸುಮಾರು 2.8 ಡಿಗ್ರಿ ವ್ಯತ್ಯಾಸ ಸಿಗುತ್ತದೆ. ಎರಡೂ ಊರು ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ, ನೇರ ದೂರ 315 ಕಿಲೋಮೀಟರ್ ಆಸುಪಾಸು. ಅಷ್ಟರಿಂದ ಇಡೀ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು, 40,000 ಕಿಲೋಮೀಟರ್‌ಗೆ ಹತ್ತಿರ ಬರುತ್ತದೆ. ಕೋಲು, ದಾರ, ಕೋನಮಾಪಕ, ಒಂದು ಫೋನ್ ಕರೆ ಸಾಕು. ಆದರೆ ಇದನ್ನು ಮಾಡಿಸುವ ಧೈರ್ಯ ಮೇಷ್ಟ್ರಿಗೆ ಬರಬೇಕಾದರೆ ಅವರು ಒಮ್ಮೆ ಸ್ವತಃ ಮಾಡಿ ನೋಡಿರಬೇಕು. ಅಂಥ ತರಬೇತಿ ಬೇಕು. ಕುರ್ಚಿಯಲ್ಲಿ ಕೂರಿಸಿ ಸ್ಲೈಡ್ ತೋರಿಸುವ ತರಬೇತಿ ಅವರಿಗೆ ಸಾಕಾಗಿ ಹೋಗಿದೆ.

ಹಾಗಾಗಿ ನಿಮ್ಮಲ್ಲಿ ನಮ್ಮ ಬೇಡಿಕೆ ಇದು. ಪ್ರತಿ ಹೋಬಳಿಗೆ ಒಬ್ಬರಾದರೂ ವಿಜ್ಞಾನ ಬೋಧಕರನ್ನು ಕನಿಷ್ಠ ಐದು ವರ್ಷಕ್ಕೆ ನೇಮಿಸಿ. ಆ ಊರಿನ ಕಡೆಯ ಬಿಎಸ್ಸಿ, ಡಿಪ್ಲೊಮಾ, ಎಂಜಿನಿಯರಿಂಗ್ ಓದಿದ ಹುಡುಗ ಹುಡುಗಿಯರೇ ಸಿಗುತ್ತಾರೆ, ಎಷ್ಟೋ ಜನ ಕೆಲಸ ಇಲ್ಲದೆ ಕೂತಿದ್ದಾರೆ. ಸಂಬಳ ತಿಂಗಳು ತಿಂಗಳು ಸರಿಯಾಗಿ ಕೊಡಿ, ಯಾಕೆಂದರೆ ಗೌರವಧನ ಎಂದು ಹೆಸರಿಟ್ಟು ಆರು ತಿಂಗಳು ಕಾಯಿಸಿದರೆ ಯಾರೂ ನಿಲ್ಲುವುದಿಲ್ಲ. ಖರ್ಚಾಗುವ ಸಾಮಾನಿಗೆ ಪ್ರತಿ ಶಾಲೆಗೆ ಜೂನ್ ತಿಂಗಳಲ್ಲೇ ಒಂದು ಸಣ್ಣ ಮೊತ್ತ ಬರಲಿ. ಅದನ್ನು ಹೆಡ್‌ಮಾಸ್ಟರ್ ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸೇರಿ ಪಕ್ಕದ ಊರಿನ ಅಂಗಡಿಯಲ್ಲೇ ಖರ್ಚು ಮಾಡಲಿ. ಕೇಂದ್ರದ ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಇದೆಯಲ್ಲ ಎನ್ನಬಹುದು. 31ರಿಂದ 100 ಮಕ್ಕಳಿರುವ ಶಾಲೆಗೆ ಅದು ವರ್ಷಕ್ಕೆ 25,000 ರೂಪಾಯಿ. ಸುಣ್ಣಬಣ್ಣ, ಸೀಮೆಸುಣ್ಣ, ಕರೆಂಟ್ ಬಿಲ್, ಶೌಚಾಲಯದ ರಿಪೇರಿ ಎಲ್ಲ ಅದರಲ್ಲೇ ಆಗಬೇಕು. ವಿಜ್ಞಾನಕ್ಕೆ ಉಳಿಯುವುದಿಲ್ಲ. ಒಡೆದ, ಸುಟ್ಟ ಸಾಮಾನನ್ನು ಹೆಡ್‌ಮಾಸ್ಟರ್ ಸಹಿಯಲ್ಲೇ ಸ್ಟಾಕ್‌ನಿಂದ ತೆಗೆಯಲು ಒಂದು ಮಿತಿಯವರೆಗೆ ಅಧಿಕಾರ ಕೊಡಿ. ಹೊಸ ಟಿಂಕರಿಂಗ್ ಲ್ಯಾಬ್‌ಗಳು ನಮ್ಮ ರಾಜ್ಯಕ್ಕೆ ಬರುವಾಗ ಕಿಟ್‌ನ ಕೈಪಿಡಿ ಕನ್ನಡದಲ್ಲಿ ಇರಬೇಕು ಎಂದು ಷರತ್ತು ಹಾಕಿ. ಇಂಗ್ಲಿಷ್ ಕೈಪಿಡಿಯ ಮುಂದೆ ಕೂತ ಕನ್ನಡ ಮಾಧ್ಯಮದ ಮಗು ಮೊದಲ ಪುಟದಲ್ಲೇ ಹಿಂದೆ ಸರಿಯುವುದನ್ನು ನಾನು ನೋಡಿದ್ದೇನೆ. ಐದು ವರ್ಷ ಮುಗಿದ ಹಳೆಯ ಲ್ಯಾಬ್‌ಗಳ ಖರ್ಚನ್ನು ರಾಜ್ಯವೇ ವಹಿಸಿಕೊಳ್ಳಲಿ. ಹೊಸದು ಕಟ್ಟುವ ಮುಂಚೆ ಅವುಗಳ ಬೀಗ ತೆಗೆಸಿ.

ಕಂಪನಿಗಳಲ್ಲಿ ಕೇಳುವುದು ಇಷ್ಟು: ಒಂದು ತಾಲ್ಲೂಕು ಹಿಡಿದರೆ ನಾಲ್ಕು ವರ್ಷ ಬಿಡಬೇಡಿ. ಎಷ್ಟು ಮಕ್ಕಳನ್ನು ಮುಟ್ಟಿದಿರಿ ಎಂದು ಕೇಳುವ ಜಾಗದಲ್ಲಿ, ಅದೇ ಮಕ್ಕಳು ಎಷ್ಟು ಸಲ ಕೈ ಹಾಕಿದರು, ಏನು ಮಾಡಿದರು, ಯಾವುದು ಕೆಲಸ ಮಾಡಲಿಲ್ಲ, ಆಮೇಲೆ ಹೇಗೆ ಸರಿಮಾಡಿದರು ಎಂದು ಕೇಳಿ. ಯೋಜನೆ ನಿಲ್ಲಿಸುವುದಾದರೆ ಒಂದು ಶೈಕ್ಷಣಿಕ ವರ್ಷ ಮುಂಚೆ ತಿಳಿಸಿ. ನಮ್ಮ ವ್ಯಾನ್ ನಿಂತಾಗ ಶಾಲೆಗಳಿಗೆ ಹೇಳಿ ಬರಲೂ ನಮಗೆ ಸಮಯ ಸಿಗಲಿಲ್ಲ. ಮುಂದಿನ ವಾರ ಬರುತ್ತೇವೆ ಎಂದು ಹೇಳಿ ಬಂದಿದ್ದೆವು.

ರಾಜ್ಯದ ಮುಂದಿನ ಬಜೆಟ್ ತಯಾರಿ ಶುರುವಾಗುವ ಮುಂಚೆ, ಡಿಸೆಂಬರ್ ಒಳಗೆ, ಎರಡೂ ಇಲಾಖೆಗಳು ಸೇರಿ ಒಂದು ಸಭೆ ಕರೆಯಿರಿ ಎಂದು ಕೋರುತ್ತೇನೆ. ಅಧಿಕಾರಿಗಳು, ಕಂಪನಿಯವರ ಜೊತೆಗೆ ಹಳ್ಳಿ ಶಾಲೆಯ ಹೆಡ್‌ಮಾಸ್ಟರ್‌ಗಳನ್ನೂ, ವಿಜ್ಞಾನದ ಮೇಷ್ಟ್ರು ಟೀಚರ್‌ಗಳನ್ನೂ, ನನ್ನಂಥ ವ್ಯಾನಿನ ಬೋಧಕರನ್ನೂ ಕೂರಿಸಿ. ಸಭೆಯನ್ನು ಬೆಂಗಳೂರಿನಲ್ಲಿ ಬೇಡ, ಯಾವುದಾದರೂ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಮಾಡಿ. ಪಾವಗಡದಲ್ಲಿ ಮಾಡುವುದಾದರೆ ಮಕ್ಕಳು ಬಿಡಿಸಿದ ನೀರಿನ ನಕ್ಷೆಯನ್ನು ನಿಮಗೆ ತೋರಿಸುವ ಜವಾಬ್ದಾರಿ ನನ್ನದು. ಅದರಲ್ಲಿ ಮಳೆಗಾಲದ ನಂತರದ ಅಂಕಿಗಳಿಗೆಂದು ಬಿಟ್ಟ ಕಾಲಂ ಇನ್ನೂ ಖಾಲಿ ಇದೆ. ಅದನ್ನು ತುಂಬಲು ಬೇಕಾದ ದ್ರಾವಣವನ್ನು ಈ ವರ್ಷವೇ ಕೊಡಿಸಿ.

ಇಂತಿ ನಿಮ್ಮ ವಿಶ್ವಾಸಿ,
ಸಂಚಾರಿ ವಿಜ್ಞಾನ ಪ್ರಯೋಗಾಲಯದ ಒಬ್ಬ ಮಾಜಿ ಬೋಧಕ